ಜಲಚಕ್ರದ ನಡುವೆ ನೀರುಗಂಟಿ

ಮಾರ್ಚ್ ೧೨, ಗುರುವಾರ, ಹೊಳವನಹಳ್ಳಿ

ತಲೆ ಸಿಡಿಯುತ್ತಿದೆ. ಐದನೇ ಕ್ಲಾಸಿನ ಮಗಳಿಗೆ ಒಂದು ಜಲಚಕ್ರ ಹೇಳಿಕೊಡಲು ನನ್ನಿಂದ ಆಗಲಿಲ್ಲ.

ಸಮುದ್ರ, ಆವಿ, ಮೋಡ, ಮಳೆ ಅಂತ ಗಂಟಲು ಹರಿದುಕೊಂಡೆ. ಧನ್ಯಾ ಬರೆದ ಚಿತ್ರದಲ್ಲಿ ಮೋಡ ಎಲ್ಲೋ ಮೂಲೆಯಲ್ಲಿದೆ. ನಟ್ಟನಡುವೆ, ನಮ್ಮ ಬೀದಿಗೆ ನೀರು ಬಿಡುವ ನೀರುಗಂಟಿ ಚಿಕ್ಕರಾಜು ವಾಲ್ವ್ ತಿರುಗಿಸುವ ಕಬ್ಬಿಣದ ಕೀ ಹಿಡಿದು ನಿಂತಿದ್ದಾನೆ!

"ಚಿಕ್ಕರಾಜಣ್ಣ ಬುಡದಿದ್ರೆ ನೀರು ಹೆಂಗಮ್ಮ ಬತ್ತದೆ?" ಅಂದಳು.

ಸಿಟ್ಟಿನಲ್ಲಿ ರಬ್ಬರ್ ಕಿತ್ತುಕೊಂಡು ಅವನನ್ನು ಅಳಿಸಿಹಾಕಿದೆ. ಕಣ್ಣಾರೆ ನೋಡಲಿ ಎಂದು ಪಾತ್ರೆಯಲ್ಲಿ ನೀರು ಕುದಿಸಿ, ಮೇಲೆ ತಣ್ಣನೆಯ ತಟ್ಟೆ ಹಿಡಿದೆ. "ಇದೇ ಕಣೇ ಮೋಡ. ಈಗ ಹನಿ ಬೀಳ್ತದೆ, ನೋಡ್ತಾ ಇರು."

ತಟ್ಟೆಯ ತಳದಲ್ಲಿ ಹನಿ ಕೂಡುತ್ತಿತ್ತು. ಅಷ್ಟರಲ್ಲಿ ಪಕ್ಕದ ಮನೆಯ ಪುಟ್ಟಜ್ಜಿ ಕೂಗಿದರು: "ನೀರು ಬುಟ್ಟವ್ನೆ ಕಣಮ್ಮೋ!"

ವಾರವಾಗಿತ್ತು ನಲ್ಲಿ ನೀರು ಕಂಡು. ತಟ್ಟೆ ಎಸೆದು, ಬಿಂದಿಗೆ ಎತ್ತಿಕೊಂಡು ಓಡಿದೆ. ಬಕೆಟ್ ಹಿಡಿದು ಅವಳೂ ಹಿಂದೆಯೇ ಬಂದಳು.

ಡ್ರಮ್ಮು ತುಂಬಿಸಿ ಒಳಗೆ ಬಂದರೆ ಒಲೆ ಉರಿಯುತ್ತಲೇ ಇದೆ, ಪಾತ್ರೆ ಬತ್ತಿ ಕರ್ರಗಾಗಿದೆ.

"ಮೋಡ ಬುಟ್ಬುಟ್ಟು ನೀನೂ ಚಿಕ್ಕರಾಜಣ್ಣನ ನೀರಿಗೇ ಓಡುದ್ಯಲ್ಲಮ್ಮ" ಅಂದಳು. ಅಣಕಿಸುತ್ತಿರಲಿಲ್ಲ. ಅದಕ್ಕೇ ಇನ್ನೂ ಉರಿಯಿತು.

ಅಳಿಸಿದ ಜಾಗದಲ್ಲಿ ಅವನನ್ನು ನಾನೇ ಮತ್ತೆ ಬರೆದುಕೊಟ್ಟೆ. ಕೀ ಮಾತ್ರ ಅವಳೇ ಬರೆದಳು.

ನಾಳೆ ಮಿಸ್ ಬೈದರೆ ಬೈಯಲಿ. ಅವರ ಮನೆಗೇನು ಮೋಡವೇ ಬಂದು ಬಿಂದಿಗೆ ತುಂಬಿಸಿ ಹೋಗುತ್ತದೆಯೇ?