ಫೆಬ್ರವರಿಯವಳು

ನವೆಂಬರ್ 21, ಶುಕ್ರವಾರ

ಆ ಫೆಬ್ರವರಿಯವಳು ಯಾರು? ಬೆಳಗಿನಿಂದ ಇದೊಂದೇ ಹೊಟ್ಟೆಯುರಿ.

ನಾಳೆಗೆ ಮದುವೆಯಾಗಿ ಒಂದು ತಿಂಗಳು! ಇವನು ಸಂಜೆಯ ವಾಕಿಂಗ್ ಬಗ್ಗೆ ಬರೆದಿಟ್ಟ ಫೈಲನ್ನು ಪೈಥಾನ್‌ನಲ್ಲಿ ಒಂದು ಪ್ರೋಗ್ರಾಂ ಬರೆದು ತಾರೀಕಿನ ಪ್ರಕಾರ ಜೋಡಿಸಿ, ಪುಟ್ಟ ಪುಸ್ತಕ ಮಾಡಿ ಕೊಡೋಣವೆಂದು ಕೂತಿದ್ದೆ. ಫೆಬ್ರವರಿ 9, ಸಂಜೆ 6:40ರ ಪಕ್ಕದಲ್ಲಿ ಈ ಸಾಲು ಬಂತು: ‘ನದಿ ದಂಡೆ. ಅವಳ ನಗು ಎಷ್ಟು ಚೆಂದ!’ ನಾವು ಮೊದಲು ಭೇಟಿಯಾದದ್ದೇ ಜುಲೈನಲ್ಲಿ. ನನ್ನ ನಗುವಿನ ಬಗ್ಗೆ ಇವನು ಒಂದು ದಿನವೂ ಹೀಗೆ ಹೇಳಿಲ್ಲ. ಅವಳ ಒಂದೊಂದು ಹಲ್ಲನ್ನೂ ಕಲ್ಪಿಸಿಕೊಂಡು ದ್ವೇಷಿಸಿದೆ.

ನಾದಿನಿ ಬೇರೆ ಕೆಣಕಿದಳು. “ಅತ್ತಿಗೆ, ಮುಖ ಯಾಕೆ ಬನ್ ಥರ ಊದಿದೆ? ಅಣ್ಣ ಏನಾದ್ರೂ ಅಂದ್ನಾ?”

ಸಂಜೆ ತಡೆಯಲಾಗದೆ ಲ್ಯಾಪ್‌ಟಾಪನ್ನು ಇವನ ಮುಂದೆ ಹಿಡಿದೆ. ಬಿದ್ದು ಬಿದ್ದು ನಕ್ಕ.

“ಏ ಪೆದ್ದಿ, ನಾನು 02/09 ಅಂತ ಬರೆದಿದ್ದು ಸೆಪ್ಟೆಂಬರ್ ಎರಡು. ನಿನ್ನ ಪ್ರೋಗ್ರಾಂ ತಿಂಗಳು ಮೊದಲು ಅಂದ್ಕೊಂಡಿದೆ. ಅವತ್ತು ನನ್ನ ಜೊತೆ ಇದ್ದೋಳು ನೀನೇ ಕಣೇ!”

ಹೌದು. ದಿನ ಮೊದಲೋ ತಿಂಗಳು ಮೊದಲೋ ಎಂದು ಹೇಳಿಕೊಡದೆ, ಪ್ರೋಗ್ರಾಂ ತಾನೇ ಊಹಿಸಲಿ ಎಂದು ಬಿಟ್ಟಿದ್ದೆ. 25/08 ಸರಿಯಾಗಿಯೇ ಬಂದಿತ್ತು, ಇಪ್ಪತ್ತೈದನೇ ತಿಂಗಳು ಇಲ್ಲವಲ್ಲ! ಅದಕ್ಕೇ ಅನುಮಾನ ಬರಲಿಲ್ಲ. ‘ದಿನವೇ ಮೊದಲು’ ಎಂದು ಸೂಚಿಸಿದ್ದೇ ತಡ, ಫೆಬ್ರವರಿಯವಳು ಮಾಯವಾದಳು.

ಆದರೂ ಹೊಟ್ಟೆಕಿಚ್ಚು ಆರಿಲ್ಲ. ಈಗ ಸೆಪ್ಟೆಂಬರಿನ ನನ್ನ ಮೇಲೆಯೇ ಅಸೂಯೆ. ಮದುವೆಯ ನಂತರ ಆ ಫೈಲಿಗೆ ಒಂದು ಸಾಲೂ ಸೇರಿಲ್ಲ. ನಾಳೆ ಸಂಜೆ ಇವನನ್ನು ನದಿ ದಂಡೆಗೆ ಎಳೆದೊಯ್ದು, ಆ ಸೆಪ್ಟೆಂಬರಿನವಳಿಗಿಂತ ಜೋರಾಗಿ ನಕ್ಕು, ಫೈಲಿಗೆ ಹೊಸ ಸಾಲು ಬರೆಸಬೇಕು.