ಆ ಮಂಗಳವಾರದ ಐದು ಚಿತ್ರಗಳು

ಮಾನವಿಯ ಖಾಜಾ ಚಾಚಾನಿಗೆ, ನಿಮ್ಮ ಕೈಕೆಳಗೆ ಕೆಲಸ ಕಲಿತ ದೇವದುರ್ಗದ ರೇಣುಕಾ ಬರೆಯುವುದು.

ಚಾಚಾ, ಹೇಗಿದ್ದೀರಿ ಎಂದು ಕೇಳುವಂತಿಲ್ಲ. ನಾನು ಹೇಗಿದ್ದೇನೆ ಎಂದು ಹೇಳುತ್ತೇನೆ: ಹೆದರಿದ್ದೇನೆ. ಫೋನ್ ಬಡಿದುಕೊಂಡರೆ ಸಾಕು, ಎದೆ ಧಸಕ್ಕೆನ್ನುತ್ತದೆ. ನೀವಿದ್ದಾಗ ಹೇಳಬೇಕಾದ ಒಂದು ಮಾತನ್ನು ನುಂಗಿಕೊಂಡು ಕೂತೆ. ಈಗ ಬರೆಯುತ್ತಿದ್ದೇನೆ. ಇದು ನಿಮಗೆ ಮುಟ್ಟುತ್ತದೋ ಇಲ್ಲವೋ, ದೇವರಿಗೇ ಗೊತ್ತು. ಆದರೆ ನಿಮ್ಮ ಮುಂದೆ ಹೇಳದೆ ಬೇರೆ ಯಾರ ಮುಂದೆ ಹೇಳಿದರೂ ನನಗೆ ಹೇಳಿದಂತಾಗುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ನೆನಪಿದೆಯೇ? ದೇವದುರ್ಗದಿಂದ ಬೆಳಗಿನ ಬಸ್ಸಿನಲ್ಲಿ ನಿಂತುಕೊಂಡೇ ರಾಯಚೂರಿಗೆ ಬಂದು, ಬೆವರೊರೆಸಿಕೊಳ್ಳುತ್ತ ಸ್ಕ್ಯಾನ್ ಸೆಂಟರಿನೊಳಗೆ ಕಾಲಿಟ್ಟೆ. ಹತ್ತು ನಿಮಿಷ ತಡವಾಗಿತ್ತು. ನೀವು ಮಾನವಿಯಿಂದ ಬಂದು ಆಗಲೇ ಕೋಟು ಹಾಕಿಕೊಂಡು ಕೂತಿದ್ದಿರಿ. "ಬರ್ರಿ ದೊರೆಸಾನಿ, ನಿಮಗ ಕಾದ್ ಕಾದ್ ಕ್ಯಾಮೆರಾ ನಿದ್ದಿ ಮಾಡಾಕತ್ತಿತ್ತು" ಎಂದಿರಿ. ಅಷ್ಟೇ, ಬೈಯಲಿಲ್ಲ. ಸೀಸದ ಪೆಟ್ಟಿಗೆಯಿಂದ ಕೋಬಾಲ್ಟ್ ಹಲಗೆ ತೆಗೆದು ಗಾಮಾ ಕ್ಯಾಮೆರಾದ ಮುಖದ ಮೇಲಿಟ್ಟಿರಿ. ರೋಗಿಗೆ ಚುಚ್ಚಿದ ಔಷಧಿ ಮೈಯಲ್ಲಿ ಎಲ್ಲೆಲ್ಲಿ ಹೋಗಿ ಕೂತಿದೆ ಎಂದು ಈ ಕ್ಯಾಮೆರಾ ನೋಡುತ್ತದೆ, ಆದರೆ ಕ್ಯಾಮೆರಾದ ಕಣ್ಣೇ ಮಂಜಾಗಿದ್ದರೆ ಯಾರು ನೋಡಬೇಕು, ಎಂದು ಕೇಳಿದಿರಿ. ಅದಕ್ಕೇ ದಿನಾ ಬೆಳಗ್ಗೆ ಫ್ಲಡ್ ಪರೀಕ್ಷೆ. ಆ ಹಲಗೆ ಎಲ್ಲ ಕಡೆ ಒಂದೇ ಸಮನೆ ಕಿರಣ ಸೂಸುತ್ತದೆ. ಹಾಗಾಗಿ ಚಿತ್ರವೂ ಜೋಳದ ಹಿಟ್ಟು ಹರವಿದ ಹಾಗೆ ಒಂದೇ ಸಮ ಬರಬೇಕು. ಎಲ್ಲಾದರೂ ಮಚ್ಚೆ ಕಂಡರೆ ಅದು ಕ್ಯಾಮೆರಾದ ದೋಷ. ಕಂಪ್ಯೂಟರು ಪಾಸ್ ಎಂದು ತೋರಿಸಿದ ಮೇಲೂ ನೀವು ಕನ್ನಡಕ ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡುತ್ತಿದ್ದಿರಿ. ನನಗೆ ನಗು ಬಂದಿತ್ತು.

"ನಂಬರ್ ನಂಬಬ್ಯಾಡ. ಕಣ್ಣಿಲೆ ನೋಡು, ಆಮ್ಯಾಲ ಸಹಿ ಮಾಡು" ಎಂದಿರಿ. ನೀವು ನಿವೃತ್ತರಾಗುವವರೆಗೆ ಹಾಗೆಯೇ ಮಾಡಿದೆ. ನಿಮ್ಮಾಣೆ ಚಾಚಾ, ಒಂದು ದಿನವೂ ತಪ್ಪಿಸಲಿಲ್ಲ.

ನೀವು ನಿವೃತ್ತರಾದ ಮರುವರ್ಷದ ಶ್ರಾವಣ, ಒಂದು ಸೋಮವಾರ ಸಂಜೆ. ಕೊನೆಯ ರೋಗಿಯನ್ನು ಮಂಚದಿಂದ ಇಳಿಸುವಾಗ ಅವರ ಮೂತ್ರದ ಚೀಲದ ನಳಿಕೆ ಸಡಿಲವಾಗಿತ್ತು. ಕೆಳಗೆ ಕ್ಯಾಮೆರಾ ಮೇಲ್ಮುಖವಾಗಿತ್ತು. ಚುಚ್ಚಿದ ಔಷಧಿ ಬೆರೆತ ಮೂತ್ರದ ಒಂದು ಹನಿ ಅದರ ಮೇಲೆ ಬಿದ್ದಿರಬೇಕು. ನಾನು ನೋಡಲಿಲ್ಲ. ಅವತ್ತೇ ಕ್ಯಾಮೆರಾಗೆ ಹೊಸ ತಿದ್ದುಪಡಿ ನಕ್ಷೆ ಮಾಡಿಕೊಡುವ ದಿನ. ಇಲ್ಲಿ ಹೆಚ್ಚು ಕಾಣುತ್ತದೆ, ತಗ್ಗಿಸು; ಅಲ್ಲಿ ಕಡಿಮೆ ಕಾಣುತ್ತದೆ, ಏರಿಸು ಎಂದು ಹಲಗೆ ಇಟ್ಟು ಯಂತ್ರಕ್ಕೆ ಕಲಿಸುವ ಕೆಲಸ. ಅದಕ್ಕೆ ಮೊದಲು ಮೀಟರ್ ಹಿಡಿದು, ಎಲ್ಲಾದರೂ ಔಷಧಿ ಸಿಡಿದಿದೆಯೇ ಎಂದು ನೋಡಿ ಒರೆಸಬೇಕೆಂದು ನೀವು ಎಷ್ಟು ಸಲ ಹೇಳಿದ್ದಿರಿ! ಆರರ ಬಸ್ಸು ತಪ್ಪಿದರೆ ಎಂಬ ಅವಸರದಲ್ಲಿ ಒರೆಸಲಿಲ್ಲ. ಆ ಹನಿಯ ಹೊಳಪನ್ನು ಕ್ಯಾಮೆರಾ ತನ್ನದೇ ಹೆಚ್ಚುವರಿ ಹೊಳಪೆಂದು ತಿಳಿದು ಅಲ್ಲಿ ತಗ್ಗಿಸುವುದನ್ನು ಕಲಿತುಕೊಂಡಿತು. ಬೆಳಗಾಗುವಷ್ಟರಲ್ಲಿ ಹನಿಯ ಕಸುವು ಇಳಿದುಹೋಗುತ್ತದೆ. ಆದರೆ ಕ್ಯಾಮೆರಾ ಮಾತ್ರ ಆ ಜಾಗವನ್ನು ತಗ್ಗಿಸುತ್ತಲೇ ಇರುತ್ತದೆ. ಅಲ್ಲಿ ಯಾರ ಎಲುಬು ಬಂದರೂ, ಯಾರ ಕಾಯಿಲೆ ಬಂದರೂ...

ಮರುದಿನ ಮಂಗಳವಾರ ನೀವು ಚಾಚಿಯನ್ನು ಕರೆದುಕೊಂಡು ಬಾಗಿಲಲ್ಲಿ ನಿಂತಾಗ, ಸುಮ್ಮನೆ ಮಾತಾಡಿಸಲು ಬಂದಿದ್ದೀರೆಂದು ನಾನು ಖುಷಿಪಟ್ಟೆ. ನೀವು ಚೀಟಿ ಕೊಟ್ಟಿರಿ. ಪ್ರಾಸ್ಟೇಟ್ ಗಡ್ಡೆ, ಎಲುಬಿಗೆ ಹರಡಿದೆಯೇ ನೋಡುವುದು. ಅವತ್ತು ನಿಮ್ಮನ್ನು ಸೇರಿಸಿ ಐದು ಜನ. ಹೈದರಾಬಾದಿನಿಂದ ಔಷಧಿ ತರುವ ಗಾಡಿ ತಡವಾಗಿತ್ತು. ಅದರ ಕಸುವು ಗಂಟೆಗಂಟೆಗೂ ಇಳಿಯುತ್ತದೆಂದು ನಿಮಗೆ ಹೇಳಬೇಕೆ? ಹಸಿದ ರೋಗಿಗಳು ಹೊರಗೆ ಗೊಣಗುತ್ತಿದ್ದರು. ನಿನ್ನೆ ಸಂಜೆಯಷ್ಟೇ ಹೊಸ ನಕ್ಷೆ ಮಾಡಿದ್ದೇನಲ್ಲ, ಇವತ್ತು ಫ್ಲಡ್ ಯಾಕೆ ಎಂದುಕೊಂಡೆ. ಹಲಗೆಯನ್ನು ಪೆಟ್ಟಿಗೆಯಿಂದ ತೆಗೆಯಲೇ ಇಲ್ಲ. ರಿಜಿಸ್ಟರಿನಲ್ಲಿ ಮಾತ್ರ 'ಸರಿ ಇದೆ' ಎಂದು ಬರೆದು ಸಹಿ ಮಾಡಿದೆ.

ಮಧ್ಯಾಹ್ನ ನಿಮ್ಮನ್ನು ಮಂಚದ ಮೇಲೆ ಮಲಗಿಸಿ, ಬೆನ್ನ ಕಡೆಯಿಂದ ಸೊಂಟದ ಚಿತ್ರ ತೆಗೆಯಲು ಕ್ಯಾಮೆರಾವನ್ನು ಕೆಳಗೆ ಸರಿಸುತ್ತಿದ್ದೆ. ನೀವು ಚಾವಣಿ ನೋಡುತ್ತಲೇ ಕೇಳಿದಿರಿ, "ಫ್ಲಡ್ ತಗೊಂಡಿಯೇನು ಇವತ್ತು?"

"ಹೂಂ ಚಾಚಾ, ತಗೊಂಡೀನ್ರಿ" ಎಂದೆ.

ಒಂದು ಚಣ ತಡವರಿಸಿದ್ದರೂ ನಿಮಗೆ ಗೊತ್ತಾಗುತ್ತಿತ್ತು. ತಡವರಿಸಲಿಲ್ಲ. ಅಷ್ಟು ಸಲೀಸಾಗಿ ನಾನು ಸುಳ್ಳು ಹೇಳಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಸಂಜೆಗೆ ಡಾಕ್ಟರ್ ಮೇಡಂ ವರದಿ ಬರೆದರು, ಎಲುಬಿನಲ್ಲಿ ಏನೂ ಇಲ್ಲ ಎಂದು. ಚಾಚಿ ನನ್ನ ತಲೆ ನೇವರಿಸಿ ಹೋದರು.

ಬುಧವಾರ ಬೆಳಗ್ಗೆ ಎಂದಿನಂತೆ ಫ್ಲಡ್ ತೆಗೆದೆ. ಪರದೆಯ ಎಡಭಾಗದಲ್ಲಿ, ನಿಂಬೆಹಣ್ಣಿನಷ್ಟು, ದುಂಡಗೆ ಕಪ್ಪು. ಮೊದಲು ಅರ್ಥವಾಗಲಿಲ್ಲ. ಆಮೇಲೆ ಸೋಮವಾರದ ಆ ನಳಿಕೆ ನೆನಪಾಯಿತು. ಅಲ್ಲೇ ಸ್ಟೂಲಿನ ಮೇಲೆ ಕುಸಿದು ಕೂತೆ. ಹಿಂದಿನ ದಿನದ ಐದೂ ಚಿತ್ರಗಳಲ್ಲಿ ಅದೇ ಜಾಗ ಮಂಕಾಗಿದೆ. ರೋಗವಿದ್ದ ಎಲುಬು ಬೆಳಗಬೇಕು, ಆದರೆ ಆ ಜಾಗದಲ್ಲಿ ಬೆಳಗಿದ್ದೂ ತಗ್ಗಿ, ಒಳ್ಳೆಯ ಎಲುಬಿನಂತೆಯೇ ಕಂಡಿರುತ್ತದೆ. ಆಗಲೇ ಎದ್ದು ಮೇಡಂ ಕೋಣೆಗೆ ಹೋಗಬೇಕಿತ್ತು. ನಾನೇನು ಮಾಡಿದೆ? ಕ್ಯಾಮೆರಾ ಒರೆಸಿದೆ. ಹೊಸ ನಕ್ಷೆ ಮಾಡಿದೆ. ಫ್ಲಡ್ ಸ್ವಚ್ಛ ಬಂತು. ಬುಧವಾರದ ಹಾಳೆಗೆ ಖರೆ ಸಹಿ ಹಾಕಿದೆ. ನಾಳೆ ಹೇಳಿದರಾಯಿತು ಎಂದುಕೊಂಡೆ. ಆ ನಾಳೆಯನ್ನು ಎಷ್ಟು ಸಲ ಮುಂದೆ ತಳ್ಳಿದೆನೋ...

ಅದಾದ ಮೇಲೆ ನೀವು ಪ್ರತಿ ಶುಕ್ರವಾರ ನಮಾಜು ಮುಗಿಸಿ ಫೋನ್ ಮಾಡಲು ಶುರುಮಾಡಿದಿರಿ, ಅಲ್ಲವೇ? ಮೊದಲೆಲ್ಲ ಹಾಗೆ ಮಾಡಿದವರಲ್ಲ. ಕ್ಯಾಮೆರಾ ಹೇಗಿದೆ, ಮೇಡಂ ಹೇಗಿದ್ದಾರೆ, ಮನೆಯಲ್ಲಿ ಅವ್ವನ ಮೊಣಕಾಲು ಹೇಗಿದೆ, ಎಲ್ಲ ಕೇಳಿ ಕೊನೆಗೆ "ಮತ್ತೇನ್ ಸುದ್ದಿ?" ಎಂದು ಸುಮ್ಮನಾಗುತ್ತಿದ್ದಿರಿ. ನಾನು ಏನಿಲ್ಲ ಚಾಚಾ, ಎಲ್ಲ ಆರಾಮ ಎನ್ನುತ್ತಿದ್ದೆ. ಆ ಕಡೆ ನೀವು ಇನ್ನೂ ಸ್ವಲ್ಪ ಹೊತ್ತು ಫೋನ್ ಹಿಡಿದೇ ಇರುತ್ತಿದ್ದಿರಿ. ನಿವೃತ್ತಿಯಾದವರಿಗೆ ಹೊತ್ತು ಹೋಗುವುದಿಲ್ಲ ಎಂದುಕೊಂಡೆ. ದೀಪಾವಳಿ ಹೊತ್ತಿಗೆ ಫೋನ್ ನಿಂತಿತು. ಆಮೇಲೆ ನಿಮ್ಮ ಎಲುಬಿಗೆ ಹರಡಿದೆ ಎಂಬ ಸುದ್ದಿ ಬಂತು. ಎರಡು ಸಲ ಮಾನವಿಗೆ ನೋಡಲು ಬಂದೆ. ಎರಡೂ ಸಲ ನಿಮ್ಮ ಮುಖ ನೋಡಿ ಮಾತಾಡಲಾಗದೆ ಚಾಚಿಯ ಜೊತೆ ಅಡುಗೆಮನೆಯಲ್ಲೇ ಕೂತು ಬಂದೆ.

ನೀವು ತೀರಿಕೊಂಡ ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆಗೆ ಮಾನವಿಗೆ ಹೋಗಿದ್ದೆ. ಬಂದವರೆಲ್ಲ ಉಂಡು ಎದ್ದ ಮೇಲೆ ಚಾಚಿ ನನ್ನನ್ನು ಒಳಗೆ ಕರೆದು, ಕಪಾಟಿನಿಂದ ನಿಮ್ಮ ಆ ಸೊಂಟದ ಫಿಲ್ಮ್ ತೆಗೆದು ತೊಡೆಯ ಮೇಲಿಟ್ಟರು. ಮನೆಗೆ ಹೋದ ದಿನವೇ ನೀವು ಅದನ್ನು ಕಿಟಕಿಗೆ ಹಿಡಿದು ಬಹಳ ಹೊತ್ತು ನೋಡಿದಿರಂತೆ. ಎಲುಬು ಹೀಗೆ ದುಂಡಗೆ ಮಸುಕಾಗುವುದಿಲ್ಲ ಎಂದಿರಂತೆ. ಮೂರು ವಾರ ಬಿಟ್ಟು ಹೈದರಾಬಾದಿಗೆ ಹೋಗಿ ಮತ್ತೊಮ್ಮೆ ತೆಗೆಸಿದಿರಂತೆ. ಅಲ್ಲಿ ಕಂಡಿತು.

"ನಿಮ್ಮ ಚಾಚಾಗ ಅವತ್ತ ಗೊತ್ತಾಗಿತ್ತವ್ವಾ" ಎಂದರು ಚಾಚಿ. "ರೇಣುಕಾ ತಾನ ಫೋನ್ ಮಾಡಿ ಹೇಳ್ತಾಳ, ಉಳಿದೋರ್ನೂ ವಾಪಸ್ ಕರೆಸಿರ್ತಾಳ, ನೀ ಬಾಯಿ ಬಿಡಬ್ಯಾಡ ಅಂದ್ರು. ನೀ ಹೇಳ್ತಿ ಅಂತ ಕಾದ್ರು."

ಚಾಚಾ, ಭೂಮಿ ಬಾಯಿಬಿಡಬಾರದೆ ಅನ್ನಿಸಿತು. ಚಾಚಿ ಸಿಟ್ಟಿನಿಂದ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು. ಆ ಮೂರು ವಾರ ಮೊದಲೇ ಗೊತ್ತಾಗಿದ್ದರೆ ಏನಾದರೂ ಆಗುತ್ತಿತ್ತೇ ಎಂದು ಕೇಳಲು ಧೈರ್ಯವಾಗಲಿಲ್ಲ. ನಿಮ್ಮ ಮೇಲೂ ನನಗೆ ಸಿಟ್ಟಿದೆ, ಹೇಳಿಬಿಡುತ್ತೇನೆ. ಒಂದು ಸಲ ಗದರಿಸಿ ಕೇಳಬಾರದಿತ್ತೇ? ಯಾವ ನಂಬರನ್ನೂ ನಂಬದವರು ನನ್ನನ್ನು ಯಾಕೆ ನಂಬಿದಿರಿ? ನೀವು ನಂಬಿ ಸುಮ್ಮನಾದಿರಿ, ನಾನು ಹೆದರಿ ಸುಮ್ಮನಾದೆ. ಉಳಿದ ನಾಲ್ಕು ಜನಕ್ಕೆ ಇದು ಯಾವುದೂ ಗೊತ್ತಿಲ್ಲ.

ಮಾನವಿಯಿಂದ ಬಂದ ಮರುದಿನ ಬೆಳಗ್ಗೆ ಚೀಲವನ್ನೂ ಇಳಿಸದೆ ನೆಟ್ಟಗೆ ಮೇಡಂ ಕೋಣೆಗೆ ಹೋದೆ. ನಿಂತುಕೊಂಡೇ ಎಲ್ಲ ಹೇಳಿದೆ. ಮಧ್ಯೆ ನಿಲ್ಲಿಸಿದರೆ ಮತ್ತೆ ಹೇಳಲಾಗುವುದಿಲ್ಲ ಎಂಬ ಹೆದರಿಕೆ. ಅವರು ಕೂಗಾಡಲಿಲ್ಲ. ಆ ಮಂಗಳವಾರದ ಐದೂ ಚಿತ್ರಗಳನ್ನು ಪರದೆಯ ಮೇಲೆ ಸಾಲಾಗಿ ತೆರೆದು, ಒಂದೊಂದರಲ್ಲೂ ಅದೇ ಜಾಗಕ್ಕೆ ಪೆನ್ನಿನ ತುದಿ ಇಟ್ಟರು. ತಾವೂ ನೋಡಬೇಕಿತ್ತು ಎಂದು ಮೆಲ್ಲಗೆ ಅಂದುಕೊಂಡರು. ಆಮೇಲೆ ವಿಚಾರಣೆ ಮುಗಿಯುವ ತನಕ ನಾನು ಕ್ಯಾಮೆರಾ ಮುಟ್ಟಬಾರದೆಂದರು. ಬೀಗದ ಕೈ ಮೇಜಿನ ಮೇಲಿಟ್ಟೆ. ಕೆಲಸ ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ. ಆ ಭಯ ಇದೆ, ಇಲ್ಲವೆಂದರೆ ಸುಳ್ಳಾಗುತ್ತದೆ. ಆದರೆ ಅದಕ್ಕಿಂತ ದೊಡ್ಡ ಭಯ ಆ ನಾಲ್ಕು ಹೆಸರುಗಳದು.

ಅವತ್ತೇ ಫೋನ್ ಹಚ್ಚಲು ಕೂತೆವು. ಸಿರವಾರದವರು ಕಿಡ್ನಿಯ ಆಪರೇಷನ್ನಿಗೆ ಮೊದಲು ಬೇರೆ ಕಡೆ ಮತ್ತೆ ತೆಗೆಸಿದ್ದರಂತೆ, ತೊಂದರೆಯಾಗಿಲ್ಲ. ಯರಗೇರಾದ ಮೇಷ್ಟ್ರು ಬಂದರು, ಹೊಸ ಚಿತ್ರದಲ್ಲೂ ಏನಿಲ್ಲ. ಅವರು ನನ್ನನ್ನು ಚೆನ್ನಾಗಿ ಬೈದರು. ಬೈಸಿಕೊಂಡು ಒಂದು ಲೋಟ ನೀರು ಕುಡಿದೆ. ಚಂದ್ರಬಂಡದ ಅಜ್ಜ ತೀರಿಕೊಂಡಿದ್ದಾರೆ. ಅದು ಹೃದಯದ್ದು, ಇದಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಮಗ ಹೇಳಿದ. ಅದನ್ನು ನಂಬುವುದು ಬಿಟ್ಟು ನನಗೆ ಬೇರೆ ದಾರಿಯಿಲ್ಲ. ನಾಲ್ಕನೆಯ ಫೋನ್ ಹತ್ತಲೇ ಇಲ್ಲ. ಹುಲಿಗೆಮ್ಮ, ದೇವದುರ್ಗದ ಕುರುಬರ ಓಣಿ. ಎದೆಯ ಗಡ್ಡೆಯ ಆಪರೇಷನ್ ಆಗಿ, ತೊಡೆಯ ಹತ್ತಿರ ನೋವೆಂದು ಬಂದಾಕೆ.

ನಮ್ಮೂರಿನಾಕೆ ಚಾಚಾ! ನಮ್ಮ ಮನೆಯಿಂದ ನಡೆದರೆ ಎಷ್ಟು ದೂರ? ಇಷ್ಟು ತಿಂಗಳು ನಾನು ಸಂತೆಗೆ ಹೋಗುವಾಗಲೂ ಆ ಓಣಿ ಬಿಟ್ಟು ಸುತ್ತು ಹಾಕಿಕೊಂಡು ಹೋಗುತ್ತಿದ್ದೆ. ಎದುರಿಗೆ ಸಿಕ್ಕರೆ ಎಂಬ ಭಯ. ಸಿಗದೆ ಹೋದರೆ, ಇನ್ನೆಂದೂ ಸಿಗದೆ ಹೋದರೆ ಎಂಬುದು ಅದಕ್ಕಿಂತ ಹೆಚ್ಚಿನ ಭಯ.

ನಿನ್ನೆ ಮೇಡಂ ಕೊಟ್ಟ ಪತ್ರ ಹಿಡಿದು ಆ ಓಣಿಗೆ ಹೋದೆ. ಕುರಿ ದೊಡ್ಡಿಯ ಪಕ್ಕದ ಮನೆ. ಕಟ್ಟೆಯ ಮೇಲೆ ಆಕೆಯ ಗಂಡ ಕೂತಿದ್ದ. ಹುಲಿಗೆಮ್ಮ ಇದ್ದಾರೇನ್ರಿ ಎಂದು ಕೇಳಿ, ಉತ್ತರ ಬರುವ ತನಕ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೆ. ಇದ್ದಾಳೆ ಎಂದ. ಆಸ್ಪತ್ರೆಯಿಂದ ಬಂದವಳೆಂದು ತಿಳಿದು ನಗಲು ಶುರುಮಾಡಿದ. ಫೋಟೋದಲ್ಲಿ ಏನೂ ಇಲ್ಲವೆಂದು ಡಾಕ್ಟರೇ ಬರೆದುಕೊಟ್ಟ ಮೇಲೂ ಈಕೆ ಕಾಲು ನೋವು ಕಾಲು ನೋವು ಎಂದು ಕೆಲಸಗಳ್ಳತನ ಮಾಡುತ್ತಾಳೆ, ನೀವಾದರೂ ಬುದ್ಧಿ ಹೇಳಿ ಹೋಗಿ ಎಂದ. ಅಷ್ಟರಲ್ಲಿ ಹಿತ್ತಲಿನಿಂದ ಆಕೆ ಬಂದಳು. ತಲೆಯ ಮೇಲೆ ಮೇವಿನ ಹೊರೆ. ಎಡಗಾಲು ಎಳೆಯುತ್ತಿದ್ದಾಳೆ.

ಹೊರೆ ಇಳಿಸಲು ನಾನೇ ಕೈ ಕೊಟ್ಟೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆಲ್ಲ ಮರೆತುಹೋಯಿತು.

"ನಿಮ್ಮ ಆವತ್ತಿನ ಫೋಟೋ ಸರಿ ಇಲ್ರಿ. ಮಿಷಿನ್ ನೋಡದ ತೆಗದೀನಿ, ತಪ್ಪು ನಂದು. ಏನೂ ಇಲ್ಲ ಅಂತ ಬರದದ್ದು ನಂಬಬ್ಯಾಡ್ರಿ" ಎಂದೆ.

ಬೈಯಲಿ, ಕೈ ಎತ್ತಿದರೂ ಎತ್ತಲಿ ಎಂದು ತಲೆ ತಗ್ಗಿಸಿ ನಿಂತೆ. ತಲೆ ಎತ್ತಿದರೆ ಆಕೆ ನನ್ನನ್ನು ನೋಡುತ್ತಿರಲಿಲ್ಲ. ಗಂಡನನ್ನು ನೋಡುತ್ತಿದ್ದಳು. ಆತನ ನಗು ನಿಂತಿತ್ತು.

"ಹಂಗಾರ ನನ್ನ ಬ್ಯಾನಿ ಖರೇ ಅದ ಏನವ್ವಾ?" ಎಂದು ಕೇಳಿದಳು.

ಆಕೆಯ ಮುಖದಲ್ಲಿ ಸಮಾಧಾನ ಕಂಡಿತು ಚಾಚಾ. ಯಾರೋ ಕೊನೆಗೂ ತನ್ನ ಮಾತು ನಂಬಿದರು ಎಂಬಂಥ ಸಮಾಧಾನ. ಹುಚ್ಚಿ, ಆಕೆ ನನ್ನ ಎರಡೂ ಕೈ ಹಿಡಿದುಕೊಂಡು ಚಹಾ ಕುಡಿದೇ ಹೋಗಬೇಕೆಂದಳು. ಇಷ್ಟು ತಿಂಗಳಲ್ಲಿ ನನಗೆ ಇಷ್ಟು ಹೆದರಿಕೆ ಎಂದೂ ಆಗಿರಲಿಲ್ಲ. ಆ ನೋವು ಖರೆಯಾಗದಿರಲಿ ಎಂದು ನಿಮ್ಮ ದೇವರಿಗೂ ನಮ್ಮ ದೇವರಿಗೂ ಕೈ ಮುಗಿಯುತ್ತಿದ್ದೇನೆ. ಸೋಮವಾರ ಬೆಳಗಿನ ಬಸ್ಸಿಗೆ ಆಕೆಯನ್ನು ನಾನೇ ಕರೆದುಕೊಂಡು ರಾಯಚೂರಿಗೆ ಹೋಗುತ್ತೇನೆ.

ನಿಮ್ಮ
ರೇಣುಕಾ