‘ತುಂಡಾಯಿತು’ ಎಂಬ ಕ್ರಿಯಾಪದ

ವಾಯುನೆಲೆಯ ಶಾಲಾ ವಸತಿಗೃಹ
ಹದಿನಾಲ್ಕನೇ ಮಾರ್ಚ್, ಭಾನುವಾರ

ಪ್ರೀತಿಯ ತಮ್ಮನಿಗೆ ಅಕ್ಕನ ಆಶೀರ್ವಾದಗಳು.

ಹೇಗಿದ್ದೀಯಾ? ಮಂಡಿ ನೋವು ಕಡಿಮೆಯಾಯಿತೇ? ಹೋದ ಸಲ ಸಾಮಾನಿನ ದೋಣಿಯಲ್ಲಿ ಕಳಿಸಿದ ಎಣ್ಣೆಯನ್ನು ಮಂಡಿಗೆ ಹಚ್ಚುತ್ತಿದ್ದೀಯೋ, ಇಲ್ಲ ಆ ಹವಾಮಾನ ಕೇಂದ್ರದ ಕಿರುಗುಟ್ಟುವ ಬಾಗಿಲಿಗೆ ಬಿಟ್ಟು ಮುಗಿಸಿದೆಯೋ? ನಿನ್ನನ್ನು ನಂಬುವ ಹಾಗಿಲ್ಲ. ನನ್ನ ಉದ್ದುದ್ದ ಪತ್ರಗಳಿಗೆಲ್ಲ ನೀನು ಕಳಿಸುವ ಉತ್ತರ ಒಂದೇ: ‘ಕ್ಷೇಮ. ಗಾಳಿ ಜೋರು.’ ಗಾಳಿಯ ಸಮಾಚಾರ ನನಗೆ ರೇಡಿಯೋದಲ್ಲೂ ಸಿಗುತ್ತದೆ ಕಣೋ. ಆ ದ್ವೀಪದಲ್ಲಿ ಕೂತು ಅದನ್ನು ಅಳೆದು ಕಳಿಸುವವನು ನೀನೇ ಅಂತಲೂ ಗೊತ್ತು. ನನಗೆ ಬೇಕಾದದ್ದು ನಿನ್ನ ಸಮಾಚಾರ. ನಾನು ಚೆನ್ನಾಗಿದ್ದೇನೆ, ಅಂದರೆ ಮೈ ಚೆನ್ನಾಗಿದೆ; ತಲೆ ಮಾತ್ರ ಚಿಟ್ಟು ಹಿಡಿದುಹೋಗಿದೆ. ನಿನ್ನ ಭಾವ ನನ್ನ ರೇಗಾಟಕ್ಕೆ ಹೆದರಿ, ಕೇಳದೆಯೇ ಎದ್ದು ಪಾತ್ರೆ ತೊಳೆಯುವುದನ್ನು ರೂಢಿ ಮಾಡಿಕೊಂಡಿದ್ದಾರೆ. ನಾನು ಬರೆಯುತ್ತಿರುವ ಈ ಹಾಳು ಪುಸ್ತಕದಿಂದ ಇದುವರೆಗೆ ಆಗಿರುವ ಲಾಭ ಅದೊಂದೇ.

ಪುಸ್ತಕದ ವಿಷಯ ಹಿಂದೆಯೇ ಬರೆದಿದ್ದೆ, ನೀನು ‘ಗಾಳಿ ಜೋರು’ ಅಂದಿದ್ದೆ. ಮತ್ತೆ ಬರೆಯುತ್ತೇನೆ, ಕೇಳು. ನಿಮ್ಮ ಶೋಧ ಮತ್ತು ರಕ್ಷಣಾ ದಳಕ್ಕೆ ಐವತ್ತು ವರ್ಷ ತುಂಬುತ್ತಿದೆ. ಅದರ ಇತಿಹಾಸ ಬರೆಸಬೇಕೆಂದು ಈಗಿನ ದಳಪತಿಗೆ ಹೊಳೆಯಿತು. ‘ಮೇಡಂ, ನೀವು ಭಾಷಾ ಟೀಚರು, ನಿಮ್ಮ ತಮ್ಮನೂ ನಮ್ಮಲ್ಲೇ ಇದ್ದವರು, ನಿಮ್ಮನ್ನು ಬಿಟ್ರೆ ಇನ್ಯಾರು ಬರೀತಾರೆ ಹೇಳಿ’ ಎಂದು ನನಗೆ ಬೆಣ್ಣೆ ಹಚ್ಚಿದರು. ನಾನು ಹಚ್ಚಿಸಿಕೊಂಡೆ. ಅಲ್ಲಿಂದ ಶುರುವಾಯಿತು ನೋಡು ನನ್ನ ಗ್ರಹಚಾರ. ದಳ ಮೊಟ್ಟಮೊದಲು ಕಾಪಾಡಿದ್ದು ಯಾರನ್ನು ಎಂದು ಕೇಳಿದರೆ ಹಳಬರೆಲ್ಲ ಕಿಸಕ್ಕನೆ ನಗುತ್ತಾರೆ. ಆಗ ಇದ್ದದ್ದು ಎರಡು ಹಳೆಯ ಸರಕು ವಿಮಾನ, ಮೇಲಿಂದ ರಬ್ಬರ್ ದೋಣಿ ಮತ್ತು ಬಿಸ್ಕತ್ತಿನ ಡಬ್ಬ ಬೀಳಿಸುವುದಷ್ಟೇ ಕೆಲಸ. ಅಭ್ಯಾಸಕ್ಕೆಂದು ತಮ್ಮದೇ ಅಡುಗೆಯವನನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ತೇಲಿಬಿಟ್ಟರಂತೆ. ಸೆಳೆತ ಅವನನ್ನು ಎತ್ತಲೋ ಒಯ್ದಿತು. ಸಂಜೆಯವರೆಗೆ ಇಡೀ ದಳ ಅಡುಗೆಯವನನ್ನೇ ಹುಡುಕಿತು. ಸಿಕ್ಕ ಮೇಲೆ ಅವನು ಒಂದು ವಾರ ಎಲ್ಲರಿಗೂ ಉಪ್ಪಿಲ್ಲದ ಊಟ ಬಡಿಸಿದ. ಇಷ್ಟು ಚಂದದ ಕಥೆಯನ್ನು ದಳಪತಿ ಒಂದೇ ಗೀಟಿನಲ್ಲಿ ಹೊಡೆದುಹಾಕಿದರು. ಘನತೆಗೆ ಕುಂದಂತೆ.

ಹೋಗಲಿ ಅಂದುಕೊಂಡೆ. ಆಮೇಲೆ ಹೆಲಿಕಾಪ್ಟರ್ ಬಂದದ್ದು, ನೆರೆಯಲ್ಲಿ ಶಾಲೆಯ ಛಾವಣಿ ಹತ್ತಿ ಕೂತಿದ್ದವರನ್ನು ಒಬ್ಬೊಬ್ಬರನ್ನಾಗಿ ತಂತಿಗೆ ಕಟ್ಟಿ ಎತ್ತಿದ್ದು, ಎಲ್ಲ ಬರೆದೆ. ಆ ಛಾವಣಿಯಿಂದ ಮುದುಕಿಯೊಬ್ಬಳನ್ನು ಎತ್ತಿದವನು ತಾನೇ ಎಂದು ಐದು ಜನ ನನ್ನ ಮುಂದೆ ಎದೆ ತಟ್ಟಿಕೊಂಡಿದ್ದಾರೆ. ಅಷ್ಟೂ ಜನ ಎತ್ತಿದ್ದರೆ ಆ ಮುದುಕಿ ಇನ್ನೂ ಮೇಲೇ ಇರಬೇಕಿತ್ತು. ಇನ್ನು ಹುಡುಕಿಯೂ ಸಿಗದವರ ಅಧ್ಯಾಯವೊಂದಿತ್ತು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ದಿನಗಟ್ಟಲೆ ನೀರನ್ನೇ ನೋಡಿದ ಹುಡುಗರ ಅಧ್ಯಾಯ. ಅದನ್ನೂ ತೆಗೆಸಿದರು. ‘ಸಿಗಲಿಲ್ಲ ಅಂತ ಬರೆದ್ರೆ ಜನ ಏನಂದ್ಕೋತಾರೆ?’ ಎಂದರು. ದಳದ ಹೆಸರಿನಲ್ಲಿ ಶೋಧ ಅನ್ನುವ ಮಾತು ಮೊದಲು ಬರುತ್ತದೆ ಸ್ವಾಮೀ, ರಕ್ಷಣೆ ಆಮೇಲೆ, ಎಂದೆ. ಕೇಳಿಸಿಕೊಂಡವರ ಹಾಗೆ ತಲೆ ಆಡಿಸಿ, ಪುಟ ತಿರುಗಿಸಿದರು. ನನಗೆ ಮೈಯೆಲ್ಲ ಉರಿದುಹೋಯಿತು.

ಈಗ ನಿನ್ನ ಅಧ್ಯಾಯಕ್ಕೆ ಬರುತ್ತೇನೆ. ಪತ್ರ ಮಡಚಿ ಗಾಳಿ ಅಳೆಯಲು ಓಡಬೇಡ. ಮುಳುಗುತ್ತಿದ್ದ ಮೀನುಗಾರರ ದೋಣಿ, ಬಿರುಗಾಳಿ, ಹೆಲಿಕಾಪ್ಟರಿನ ಬಾಗಿಲಲ್ಲಿ ತಂತಿ ಇಳಿಸಿ ಎತ್ತುವ ವಿಂಚ್ ನಡೆಸುತ್ತಿದ್ದ ನೀನು, ತಂತಿಯ ತುದಿಯಲ್ಲಿ ನಿನ್ನ ಜೊತೆಗಾರ ಈಜುಗಾರ. ಮೀನುಗಾರರನ್ನೆಲ್ಲ ಮೇಲೆ ಕಳಿಸಿ ಕೊನೆಗೆ ಅವನು ತಾನು ಬರುವಾಗ ತಂತಿ ತುಂಡಾಯಿತು, ಅವನು ದೋಣಿಯ ಜೊತೆಗೇ ಹೋದ. ಇಪ್ಪತ್ತು ವರ್ಷದ ಹತ್ತಿರ ನಾವೆಲ್ಲ ಕೇಳಿಕೊಂಡು ಬಂದದ್ದು ಇಷ್ಟು. ನೀನೂ ಬೇರೇನೂ ಹೇಳಲಿಲ್ಲ. ಕೆಲಸ ಬಿಟ್ಟೆ, ಯಾರೂ ಬಾರದ ಕಡೆ ಹೋಗಿ ಕೂತೆ. ಗೆಳೆಯ ಕಣ್ಣೆದುರೇ ಹೋದ ದುಃಖ ಎಂದು ನಾವೂ ಸುಮ್ಮನಾದೆವು. ನಾನೂ ಪುಸ್ತಕದಲ್ಲಿ ಹಾಗೇ ಬರೆದೆ: ‘ತಂತಿ ತುಂಡಾಯಿತು.’ ಮಕ್ಕಳ ಉತ್ತರಪತ್ರಿಕೆಯಲ್ಲಿ ಇಂಥ ವಾಕ್ಯ ಕಂಡರೆ ನಾನು ಏನೂ ಅನ್ನುವುದಿಲ್ಲ. ಅಕರ್ಮಕ ಕ್ರಿಯಾಪದ, ವ್ಯಾಕರಣ ಸರಿಯಾಗಿದೆ. ಯಾರ ಮೈಗೂ ಅಂಟದ ಮಾತು ಅಂದುಕೊಂಡಿದ್ದೆ.

ಅದು ಯಾರ ಮೈಗೆ ಅಂಟಿದೆ ಅಂತ ಹೋದ ತಿಂಗಳು ಗೊತ್ತಾಯಿತು. ಹ್ಯಾಂಗರಿನ ಕೆಲಸಗಾರರ ಬಗ್ಗೆ ಒಂದೆರಡು ಪುಟ ಬರೆಯೋಣವೆಂದು ಚಿಂದಿ ಮಾಮನ ಮನೆಗೆ ಹೋಗಿದ್ದೆ. ನೆನಪಿದೆಯಲ್ಲ, ವಿಂಚಿನ ತಂತಿ ಪರೀಕ್ಷೆ ಮಾಡುತ್ತಿದ್ದವರು? ಸದಾ ಕೈಯಲ್ಲಿ ಹತ್ತಿಬಟ್ಟೆಯ ಚಿಂದಿ ಇರುತ್ತಿತ್ತೆಂದು ನೀವೇ ಇಟ್ಟ ಹೆಸರು. ಈಗ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಾರೆ. ತಂತಿಯನ್ನು ಪೂರಾ ಬಿಚ್ಚಿ, ಚಿಂದಿಯನ್ನು ಅದಕ್ಕೆ ಸುತ್ತಿ ಮುಷ್ಟಿಯಲ್ಲಿ ಹಿಡಿದು ಉದ್ದಕ್ಕೂ ನಡೆಯುತ್ತಿದ್ದುದನ್ನು ತೋರಿಸಿದರು. ಒಂದು ಎಳೆ ಮುರಿದಿದ್ದರೂ ಬಟ್ಟೆಯ ನೂಲಿಗೆ ಸಿಕ್ಕಿಬೀಳುತ್ತದೆಯಂತೆ. ನಾನು ಸುಮ್ಮನೆ ಮಾತಿಗೆಂದು ಆ ಬಿರುಗಾಳಿಯ ದಿನದ ಬಗ್ಗೆ ಕೇಳಿದೆ. ಅವರು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ‘ಅವತ್ತು ಬೆಳಿಗ್ಗೆ ತಂತಿ ಒರೆಸ್ತಾ ಇದ್ದಾಗ ಬಾಗಿಲ ಹತ್ರ ಯಾರೋ ಕೂಗಿದ್ರಮ್ಮ. ನಾನು ತಿರುಗಿ ನೋಡಿದೆ. ಕಾಲು ನಡೀತಾನೇ ಇತ್ತು, ಗಮನ ಇರಲಿಲ್ಲ. ಆ ಒಂದು ಮೊಳದಲ್ಲೇ ಎಳೆ ಮುರಿದಿತ್ತೇನೋ. ಅದಕ್ಕೇ ತುಂಡಾಗಿದ್ದು’ ಎಂದರು. ತುಂಡಾದ ತುದಿ ತೋರಿಸಿ ಎಂದು ವಿಚಾರಣೆಯವರನ್ನು ಬೇಡಿಕೊಂಡರಂತೆ, ತೋರಿಸಲಿಲ್ಲ. ಗೋಪ್ಯ ಅಂದರು. ಅದೇ ತಿಂಗಳು ಅವರನ್ನು ಉಗ್ರಾಣದ ಕೆಲಸಕ್ಕೆ ಹಾಕಿದರು, ಕಾರಣ ಹೇಳಲಿಲ್ಲ. ಹೇಳದಿದ್ದ ಕಾರಣವನ್ನು ಅವರೇ ಹುಡುಕಿಕೊಂಡಿದ್ದಾರೆ. ಅವರ ಹೆಂಡತಿ ಚಹಾ ತಂದಿಟ್ಟು, ‘ಈ ಮಾತು ಎತ್ತಬೇಡಿ, ಇನ್ನು ರಾತ್ರಿ ಮಲಗಲ್ಲ’ ಎಂದು ನನ್ನ ಮೇಲೆ ಸಿಡುಕಿದರು.

ಮನಸ್ಸು ಕೆಟ್ಟು, ಆ ದಿನ ಹೆಲಿಕಾಪ್ಟರ್ ನಡೆಸಿದ್ದ ನಿನ್ನ ಹಳೆಯ ಪೈಲಟ್ ಮನೆಗೆ ಸೀದಾ ಹೋದೆ. ತಂತಿ ನಿಜವಾಗಿ ಹೇಗೆ ತುಂಡಾಯಿತು ಎಂದು ಕೇಳಿದೆ. ಆತ ನನ್ನ ಮುಖ ನೋಡಿ, ‘ಅಯ್ಯೋ, ನಿಮ್ಮ ತಮ್ಮ ನಿಮಗೂ ಹೇಳಿಲ್ವಾ?’ ಎಂದರು. ತಂತಿ ದೋಣಿಯ ಕಂಬಕ್ಕೆ ಸುತ್ತಿಕೊಂಡಿತು, ಮುಳುಗುವ ದೋಣಿ ಹೆಲಿಕಾಪ್ಟರನ್ನು ಕೆಳಗೆ ಎಳೆಯತೊಡಗಿತು, ‘ಕತ್ತರಿಸು’ ಎಂದು ತಾವು ಕಿರುಚಿದರಂತೆ, ನೀನು ತಂತಿ ಕತ್ತರಿಸುವ ಗುಂಡಿ ಒತ್ತಿದೆಯಂತೆ. ‘ಅವನು ಒತ್ತದೇ ಇದ್ದಿದ್ರೆ ನಾನೂ ಇಲ್ಲ, ಆ ಮೀನುಗಾರರೂ ಇಲ್ಲ, ಅವನೂ ಇಲ್ಲ’ ಎಂದರು. ಈಜುಗಾರನ ಹೆಂಡತಿಗೆ ಆ ವಾರವೇ ಹೋಗಿ ನಿಜ ಹೇಳಿ ಬಂದರಂತೆ. ಹಾಗಾದರೆ ಚಿಂದಿ ಮಾಮನಿಗೆ, ಎಂದೆ. ‘ವಿಚಾರಣೆಯವರು ಹೇಳಿರ್ತಾರಲ್ಲ!’ ಎಂದವರು, ನನ್ನ ಮುಖ ನೋಡಿ ಮೆಲ್ಲಗೆ ಕುರ್ಚಿಯಲ್ಲಿ ಕುಸಿದರು. ತಿಳಿಯಬೇಕಾದವರಿಗೆಲ್ಲ ತಿಳಿದಿತ್ತು ನೋಡು. ಆ ಒಬ್ಬರನ್ನು ಬಿಟ್ಟು.

ನನಗೆ ಸಿಟ್ಟು ಯಾರ ಮೇಲೆ ಅಂತ ಕೇಳಬೇಡ, ಎಲ್ಲರ ಮೇಲೂ ಇದೆ. ‘ವಿಂಚ್ ನಡೆಸುತ್ತಿದ್ದವನು ತಂತಿಯನ್ನು ಕತ್ತರಿಸಿದ’ ಎಂದು ತಿದ್ದಿ ಕೊಟ್ಟರೆ ದಳಪತಿ, ‘ತುಂಡಾಯ್ತು ಅಂದ್ರೆ ಸಾಕಲ್ವಾ ಮೇಡಂ, ಯಾರಿಗೂ ನೋವಿಲ್ಲ’ ಎಂದರು. ಯಾರಿಗೂ ನೋವಿಲ್ಲವಂತೆ! ಜಗಳವಾಡಿದೆ. ಕೊನೆಗೆ, ‘ನಿಮ್ಮ ತಮ್ಮ ಒಪ್ಪಿದ್ರೆ ಹಾಕೋಣ’ ಎಂದು ಚೆಂಡನ್ನು ನನ್ನ ಅಂಗಳಕ್ಕೆ ಎಸೆದರು. ಪುಸ್ತಕ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ. ಪೈಲಟ್ ಆವತ್ತೇ ಮಾಮನಿಗೆ ಫೋನ್ ಮಾಡಲು ಎದ್ದಿದ್ದರು; ನಾನೇ ತಡೆದೆ. ಮಾಮನಿಗೆ ಸಮಾಧಾನ ಹೇಳಿದವರು ಕಡಿಮೆಯೇನಲ್ಲ, ನಾವು ಹೇಳಿದರೆ ಇದೂ ಒಂದು ಸಮಾಧಾನ ಅಂದುಕೊಂಡು ತಲೆ ಆಡಿಸುತ್ತಾರೆ ಅಷ್ಟೇ. ಬಾಗಿಲಲ್ಲಿ ನಿಂತಿದ್ದವನು ನೀನು. ನೀನು ಹೇಳಿದರೆ ನಂಬುತ್ತಾರೆ.

ನಿನಗೆ ಕಷ್ಟ ಅಂತ ಗೊತ್ತು ಮಗೂ. ನೀನು ಒತ್ತಿದ್ದು ತಪ್ಪು ಅಂತ ನಾನು ಅನ್ನುತ್ತಿಲ್ಲ, ನಿನ್ನ ಜಾಗದಲ್ಲಿ ನಿಂತು ನೋಡಲು ನನಗೆ ಧೈರ್ಯವೂ ಇಲ್ಲ. ಇಷ್ಟು ವರ್ಷ ಇದನ್ನು ಹೊತ್ತುಕೊಂಡು ಒಬ್ಬನೇ ಇದ್ದೆಯಲ್ಲ ಎಂದು ಆವತ್ತು ಪೈಲಟ್ ಮನೆಯಿಂದ ಬರುತ್ತಾ ಬಸ್ಸಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಪಕ್ಕದವರು ಹಲ್ಲುನೋವೇ ಎಂದು ಕೇಳಿದರು. ಆದರೆ ನಿನ್ನ ಮೌನ ನಿನ್ನೊಬ್ಬನದೇ ಅಂದುಕೊಂಡಿದ್ದೀಯಲ್ಲ, ಅಲ್ಲಿ ನನಗೆ ರೇಗುತ್ತದೆ. ನಿನಗೆ ಗೊತ್ತಿರಲಿಲ್ಲ, ಒಪ್ಪುತ್ತೇನೆ. ಈಗ ಗೊತ್ತಾಯಿತಲ್ಲ. ದೋಣಿ ಸಾಮಾನು ಇಳಿಸಿ ಸಂಜೆಯವರೆಗೆ ಅಲ್ಲೇ ಇರುತ್ತದೆ. ಅಷ್ಟರೊಳಗೆ ಮಾಮನಿಗೂ ದಳಪತಿಗೂ ಎರಡೆರಡು ಸಾಲು ಬರೆದುಕೊಡು. ಗಾಳಿಯ ವಿಷಯ ಬೇಡ.

ಉಣ್ಣೆಯ ಟೋಪಿ, ಎರಡು ಬಾಟಲಿ ಎಣ್ಣೆ, ನಿನ್ನ ಭಾವ ಆರಿಸಿದ ಹಳೆಯ ಪತ್ರಿಕೆಗಳು ಕಟ್ಟಿನಲ್ಲಿವೆ. ಟೋಪಿ ಹಾಕಿಕೋ, ಕಿವಿ ಬೆಚ್ಚಗಿಟ್ಟುಕೋ. ಭಾವ ನಿನ್ನನ್ನು ಕೇಳಿದರೆಂದು ಬರೆಯಲು ಹೇಳಿದ್ದಾರೆ, ಸೋಪಿನ ಕೈಯಲ್ಲೇ. ಎಷ್ಟು ಬೈದರೂ ನೀನು ನನ್ನ ತಮ್ಮನೇ. ಹೊಟ್ಟೆ ತುಂಬ ಉಂಡು, ಕಣ್ತುಂಬ ನಿದ್ದೆ ಮಾಡುವ ಹಾಗೆ ಆಗಲಿ.

ನಿನ್ನ
ಅಕ್ಕ

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ಚಿಂದಿ ಮಾಮ ಬಂದರು. ದ್ವೀಪಕ್ಕೆ ಹೋಗುವ ದೋಣಿ ಯಾವಾಗ ಎಂದು ಕೇಳಿದರು. ‘ನಿಮ್ಮ ತಮ್ಮನ ಕೈ ಹಿಡಿದು ಒಂದ್ಸಲ ಕ್ಷಮಿಸಪ್ಪಾ ಅನ್ನಬೇಕಮ್ಮ, ಅವನ ಗೆಳೆಯನ್ನ ಕಳೆದವನು ನಾನು’ ಎಂದರು. ಬಾಯಿ ತನಕ ಬಂದದ್ದನ್ನು ನುಂಗಿಕೊಂಡು, ಈ ಕಾಗದವನ್ನೂ ಕೊಟ್ಟುಬಿಡಿ ಎಂದು ಅವರ ಕೈಗೇ ಕೊಡುತ್ತಿದ್ದೇನೆ. ಈಗ ನಿನಗೆ ಲಕೋಟೆ ಕೊಟ್ಟ ಮುದುಕರು ಅವರೇ. ತುಂಬ ಇಳಿದುಹೋಗಿದ್ದಾರೆ, ನಿನಗೆ ಗುರುತು ಸಿಕ್ಕಿರಲಿಕ್ಕಿಲ್ಲ. ನೀನು ಓದಿ ಮುಗಿಸಲೆಂದು ಕಾಯುತ್ತಾ ನಿಂತಿರುತ್ತಾರೆ. ಬೇಗ ತಲೆ ಎತ್ತು, ಅವರು ಕ್ಷಮಿಸು ಅನ್ನುವ ಮೊದಲೇ ಹೇಳಿಬಿಡು.